ಕ್ಯಾಸನೂರಿನ ಕಾಡಿನಿಂದ ವೈದ್ಯಲೋಕಕ್ಕೆ

1957ರ ಬೇಸಗೆ ಮೊದಲಾಗುವ ಹೊತ್ತಿಗೆ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿರುವ ಕ್ಯಾಸನೂರಿನ ಕಾಡಿನೊಳಗೆ ಮುಸುವಗಳೂ ಮಂಗಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದುವು. ಸೌದೆಗೂ ಸೊಪ್ಪಿಗೂ ದನದ ಮೇವಿಗೂ ಆ ಕಾಡನ್ನೇ ನಂಬಿ ಬಾಳುತ್ತಿದ್ದ ಸುತ್ತಣ ಹಳ್ಳಿಗಳ ಜನರು ಅದೇ ಕಾಲದಲ್ಲಿ, ತಲೆ ಸಿಡಿಯುವಂಥ ನೋವಿನೊಡನೆ ಏರಿದ ಜ್ವರದಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು ಬಾಯಿಗಳಿಂದ ರಕ್ತ ಬಂದಿತು. ಕೆಲವರು ಮತ್ತೆ ಏಳಲಿಲ್ಲ. ಹಳ್ಳಿಯವರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಮಂಗದ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟುಂಟೆಂಬ ತಿಳಿವಳಿಕೆ ಕಾಡಿಗೆ ದಿನವೂ ಹೋಗಿಬರುವವರ ಬಾಯಲ್ಲಿಯೇ ನೆಲೆಗೊಂಡಿತ್ತು.

ಹನ್ನೆರಡು ಹದಿಮೂರರ ಪ್ರಾಯದ ಮಕ್ಕಳಿಗೆ ವೈದ್ಯಲೋಕದ ವೃತ್ತಿಗಳನ್ನು ಪರಿಚಯ ಮಾಡಿಕೊಡಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ಬಿಳಿಯ ಕೋಟು, ಸ್ಟೆತಾಸ್ಕೋಪು, ಹೆಸರಿನ ಮುಂದಿನ ಎರಡಕ್ಷರ ಇವುಗಳನ್ನೆಲ್ಲ ಸ್ವಲ್ಪ ಹೊತ್ತು ಬದಿಗಿರಿಸಿ, ನಾನು ಈ ಕಾಡಿನ ವೃತ್ತಾಂತದಿಂದಲೇ ಪ್ರಾರಂಭಿಸುವೆನು. ಒಂದು ರೋಗವನ್ನು ಕಂಡುಹಿಡಿಯುವುದೆಂದರೇನು, ಅದನ್ನು ತಡೆಯುವುದೆಂದರೇನು, ಆ ಕಾರ್ಯದಲ್ಲಿ ಎಷ್ಟು ವಿಧವಾದ ವಿದ್ಯೆಗಳು ಒಂದರ ಬೆನ್ನಿಗೊಂದು ನಿಲ್ಲಬೇಕಾಗುವುದು ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಕಥೆ ನಮ್ಮ ನಾಡಿನಲ್ಲಿ ಮತ್ತೊಂದಿರುವುದೋ ಇಲ್ಲವೋ ನಾನರಿಯೆ. ಅಲ್ಲದೆ ಮಕ್ಕಳಿಗೆ ಇದರಲ್ಲಿ ಮಂಗಗಳಿವೆ, ಕಾಡಿದೆ, ಒಂದು ಪತ್ತೇದಾರಿಯೂ ಇದೆ.

ಕಥೆಯ ಮುಂದಿನ ಭಾಗ ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಾಣು ಸಂಶೋಧನಾ ಕೇಂದ್ರಕ್ಕೆ ಮಂಗಗಳ ಸಾವಿನ ಸುದ್ದಿ ಮುಟ್ಟಿದಾಗ, ಅಲ್ಲಿನವರ ಎದೆ ಒಮ್ಮೆ ಝಲ್ಲೆಂದಿರಬೇಕು. ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕಪಿಗಳು ಸಾಯುವುದು ಹಳದಿ ಜ್ವರದ ಮುನ್ಸೂಚನೆ. ಏಷ್ಯಾಖಂಡಕ್ಕೆ ಅದುವರೆಗೂ ಕಾಲಿಡದಿದ್ದ ಆ ಮಹಾಮಾರಿ ಕೊನೆಗೂ ಮಲೆನಾಡಿಗೆ ಬಂದಿತೇ ಎಂಬ ಶಂಕೆ ಸಹಜವಾದುದೇ. ಆ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮೊದಲಾದವರು ಕಾಡಿಗೆ ಬಂದರು. ಸತ್ತ ಕಪಿಗಳ ಅಂಗಾಂಶಗಳನ್ನೂ ಜ್ವರಪೀಡಿತರ ರಕ್ತವನ್ನೂ ಹಿಮದಲ್ಲಿಟ್ಟು ಪುಣೆಗೆ ಸಾಗಿಸಿದರು. ಅವುಗಳಿಂದ ಬೇರ್ಪಡಿಸಿದ ವೈರಾಣುವನ್ನು ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಲ್ಲವೆಂದೂ, ರಷ್ಯಾದ ಕಾಡುಗಳಲ್ಲಿ ಉಣುಗುಗಳ ಕಡಿತದಿಂದ ಹರಡುವ ಮಿದುಳಿನ ಜ್ವರದ ವೈರಾಣುಗಳಿಗೆ ಹತ್ತಿರದ ನಂಟುಳ್ಳ, ಅದುವರೆಗೆ ಲೋಕಕ್ಕೆ ಅಜ್ಞಾತವಾಗಿದ್ದ ವೈರಾಣುವೆಂದೂ ತಿಳಿದುಬಂದಿತು. ಸೊರಬದ ಕಾಡೊಂದರ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದುದು ಹೀಗೆ.

ಆದರೆ ಉಣುಗು ಎಂದರೆ ಯಾವ ಉಣುಗು? ಮಲೆನಾಡಿನ ಕಾಡಿನಲ್ಲಿ ಅವು ಹಲವು ಜಾತಿಯವು. ಇಲ್ಲಿಂದ ಮುಂದಕ್ಕೆ ಕಥೆಯ ನಾಯಕನು ವೈದ್ಯನಲ್ಲ, ಕೀಟಗಳನ್ನೂ ಅವುಗಳ ಬಂಧುಗಳನ್ನೂ ಬಲ್ಲವನು. ಆತನ ಆಯುಧವೋ ಒಂದು ಗಜದಷ್ಟು ಬಿಳಿಯ ಬಟ್ಟೆ. ಅದರ ಒಂದು ಅಂಚನ್ನು ಕೋಲಿಗೆ ಕಟ್ಟಿ, ಕಾಡಿನ ತರಗೆಲೆಗಳ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುವನು. ಪ್ರಾಣಿಯ ಮೈ ಬಂದಿತೆಂದು ಭ್ರಮಿಸಿ ಎಲೆಗಳ ತುದಿಯಲ್ಲಿ ಕಾಲು ಚಾಚಿ ಕುಳಿತಿದ್ದ ಉಣುಗುಗಳು ಬಟ್ಟೆಯನ್ನು ಹಿಡಿದುಕೊಳ್ಳುವುವು. ಹತ್ತಾರು ಹೆಜ್ಜೆಗೊಮ್ಮೆ ನಿಂತು, ಬಟ್ಟೆಯನ್ನು ಮಗುಚಿ, ಎಳ್ಳಿಗಿಂತ ಸಣ್ಣಗಿರುವ ಆ ಮರಿಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಿ, ಸೀಸೆಗೆ ಹಾಕಿ, ಸ್ಥಳವನ್ನೂ ದಿನವನ್ನೂ ಬರೆದಿಡುವನು. ಈ ಕೆಲಸದಿಂದಲೇ ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯ ಉಣುಗು ಮುಖ್ಯ ಅಪರಾಧಿಯೆಂಬುದೂ, ಚಳಿಗಾಲದಿಂದ ಬೇಸಗೆಯವರೆಗೆ ಅದರ ಎಳೆಯ ಹಂತದ ಮರಿಗಳು ನೆಲದಲ್ಲಿ ಹೆಚ್ಚಿರುವುದರಿಂದಲೇ ರೋಗವೂ ಆ ಕಾಲದಲ್ಲಿ ಹೆಚ್ಚುವುದೆಂಬುದೂ ಗೊತ್ತಾದುವು. ಬೆಳೆದ ಉಣುಗುಗಳು ದನಗಳ ಮೈಯಲ್ಲಿ ಪುಷ್ಟವಾಗುವುವೆಂದೂ, ಕಾಡು ಕಡಿದು ಅಂಚನ್ನು ಗೋಮಾಳವಾಗಿ ಮಾಡಿದಷ್ಟೂ ಅವುಗಳ ಸಂತತಿ ಬೆಳೆಯುವುದೆಂದೂ ಅನಂತರ ತಿಳಿಯಿತು. ಸೈಬೀರಿಯದ ಕಡೆಯಿಂದ ಚಳಿಗಾಲದಲ್ಲಿ ಬರುವ ಹಕ್ಕಿಗಳೇನಾದರೂ ಈ ವೈರಾಣುವನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಹುಟ್ಟಿದಾಗ, ಪಕ್ಷಿವಿಜ್ಞಾನಿ ಸಾಲಿಂ ಅಲಿಯವರೂ ಅವರ ಸಂಗಡಿಗರೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಯ ಮೇಲಣ ಉಣುಗುಗಳನ್ನು ಹೆಕ್ಕಿದರು. ಹಕ್ಕಿಗಳ ಮೇಲಿನ ಆಪಾದನೆ ಸಿದ್ಧಪಡಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ವಿಷಯದಲ್ಲಿ ನಮಗೆ ಬಂದ ತಿಳಿವಳಿಕೆಯಲ್ಲಿ ಬಹುಭಾಗ ಆ ಸಂದರ್ಭದ ಫಲ.

ಇಂದಿಗೂ ಈ ರೋಗಕ್ಕೆ ನಿರ್ದಿಷ್ಟವಾದ ಔಷಧಿಯಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯ ಬಲ ಸಾಲದೆಂದು ಕಂಡು ಅದನ್ನು ನಿಲ್ಲಿಸಿದುದಾಗಿದೆ. ಹೊಸದಕ್ಕಾಗಿ ಕೆಲಸ ನಡೆದಿದೆ. ಹಾಗಾದರೆ ಮಲೆನಾಡಿನ ಹಳ್ಳಿಯನ್ನು ಈಗ ಕಾಯುತ್ತಿರುವವರು ಯಾರು? ಗ್ವಾಲಿಯರಿನ ರಕ್ಷಣಾ ಪ್ರಯೋಗಶಾಲೆಯ ರಸಾಯನವಿಜ್ಞಾನಿಗಳು ರೂಪಿಸಿದ, ಉಣುಗುಗಳನ್ನು ದೂರವಿಡುವ ಡೇಪಾ ತೈಲದ ಬಾಟಲಿಗಳನ್ನು ಚೀಲದಲ್ಲಿ ಹೊತ್ತು, ಸೊಪ್ಪಿಗೆ ಹೊರಟವರನ್ನು ದಾರಿಯಲ್ಲಿ ತಡೆದು ಕೈಕಾಲಿಗೆ ಹಚ್ಚಿಸುವ ಆಶಾ ಕಾರ್ಯಕರ್ತೆ. ಮಂಗ ಸತ್ತಿದೆಯೆಂಬ ಸುದ್ದಿ ಬಂದೊಡನೆ ಹೋಗಿ ನೋಡುವ ಅರಣ್ಯರಕ್ಷಕ. ಅದರ ಶವಪರೀಕ್ಷೆ ಮಾಡುವ ಪಶುವೈದ್ಯ. ಅದು ಸತ್ತು ಬಿದ್ದೆಡೆಯ ಸುತ್ತಲೂ ಉಣುಗುನಾಶಕ ಪುಡಿ ಉದುರಿಸುವ ಆರೋಗ್ಯ ನಿರೀಕ್ಷಕ. ಶಿವಮೊಗ್ಗದ ವೈರಾಣು ಪ್ರಯೋಗಶಾಲೆಯಲ್ಲಿ ರಕ್ತದ ಮಾದರಿಯನ್ನು ಪರೀಕ್ಷಿಸುವ ತಂತ್ರಜ್ಞೆ. ಹಾಸಿಗೆಯ ಬಳಿ ರಾತ್ರಿಯೆಲ್ಲ ಜ್ವರದ ಏರಿಳಿತವನ್ನೂ ರಕ್ತಸ್ರಾವದ ಸೂಚನೆಯನ್ನೂ ಗಮನಿಸುವ ನರ್ಸ್. ವೈದ್ಯನೂ ಇದ್ದಾನೆ, ನಿಸ್ಸಂದೇಹವಾಗಿ; ಆತನ ನಿರ್ಣಯವಿಲ್ಲದೆ ಇವರ ಕೆಲಸ ಸಾಗದು. ಆದರೆ ಇವರಿಲ್ಲದೆ ಆತನು ಏನನ್ನು ನಿರ್ಣಯಿಸಬೇಕು?

ಇಷ್ಟು ವಿಶಾಲವಾದ ಲೋಕವನ್ನು ನಾವು ಮಕ್ಕಳಿಗೆ ತೋರಿಸುವ ಕ್ರಮವನ್ನು ನೋಡಿದರೆ ಖೇದವಾಗುತ್ತದೆ. ಶಿಶುವಿಹಾರದಲ್ಲಿ ಆಟಿಕೆಯ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿ ಛದ್ಮವೇಷದಲ್ಲಿ ನಿಲ್ಲಿಸುವುದು. ಬಂದ ನೆಂಟರ ಮುಂದೆ “ದೊಡ್ಡವನಾದ ಮೇಲೆ ಏನಾಗ್ತೀಯೋ, ಹೇಳು ಮಾಮನಿಗೆ” ಎಂದು ಕೇಳಿ “ಡಾಕ್ಟರ್” ಎನ್ನಿಸುವುದು. ಆ ಉತ್ತರಕ್ಕೆ ದೊರೆತ ಮೆಚ್ಚುಗೆಯನ್ನೇ ಮಗುವಿನ ಒಲವೆಂದು ಭಾವಿಸುವುದು. ಆರನೆಯ ತರಗತಿಗೆ ಬರುವಷ್ಟರಲ್ಲಿ ಫೌಂಡೇಷನ್ ಕ್ಲಾಸೆಂಬ ಹೆಸರಿನಲ್ಲಿ ಸಂಜೆಗಳನ್ನು ಕಿತ್ತುಕೊಳ್ಳುವುದು. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಅದರಲ್ಲಿ ಅರ್ಧ ಜೀವವಿಜ್ಞಾನದ್ದು. ತಪ್ಪು ಉತ್ತರಕ್ಕೆ ಒಂದಂಕ ಕಡಿತ. ಇದಿಷ್ಟು ಎಲ್ಲ ತಂದೆತಾಯಿಗಳಿಗೂ ಕಂಠಪಾಠ. ಪರೀಕ್ಷೆ ಬೇಡವೆಂದು ನಾನು ಹೇಳುವವನಲ್ಲ. ಲಕ್ಷಾಂತರ ಮಂದಿಯಲ್ಲಿ ಕೆಲವರನ್ನು ಆರಿಸಲೇಬೇಕಾದಲ್ಲಿ ಯಾವುದೋ ಒಂದು ಜರಡಿ ಇರಲೇಬೇಕು. ಆದರೆ ಕೊಳೆತ ಹುಣ್ಣಿನ ವಾಸನೆಯ ಮುಂದೆ ಮುಖ ಸಿಂಡರಿಸದೆ ನಿಲ್ಲಬಲ್ಲೆಯಾ, ಅಳುವ ಮುದುಕಿಯ ಮಾತನ್ನು ಕೊನೆಯವರೆಗೆ ಕೇಳಬಲ್ಲೆಯಾ ಎಂದು ಆ 180ರಲ್ಲಿ ಒಂದು ಪ್ರಶ್ನೆಯೂ ಕೇಳುವುದಿಲ್ಲ. ಅದನ್ನು ಮೊದಲೇ ತಿಳಿದುಕೊಳ್ಳುವ ಅವಕಾಶವನ್ನಾದರೂ ಮನೆಯೂ ಶಾಲೆಯೂ ಒದಗಿಸಬೇಡವೆ?

ಪರಿಚಯವೆಂಬುದು ಉಪದೇಶದಿಂದ ಆಗತಕ್ಕ ಕಾರ್ಯವಲ್ಲ, ಕೈಯಿಂದ ಆಗತಕ್ಕುದು ಎಂಬ ಅರಿವು ನಮ್ಮ ಹಿರಿಯರಿಗೆ ಬಹಳ ಹಿಂದೆಯೇ ಇತ್ತು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಒಂಬತ್ತನೆಯ ಅಧ್ಯಾಯವಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನೂ ಕೈಗೆ ಅಭ್ಯಾಸವಿಲ್ಲದಿದ್ದರೆ ಚಿಕಿತ್ಸೆಗೆ ಅನರ್ಹನೆಂದು ಹೇಳಿ, ಆ ಅಭ್ಯಾಸವನ್ನು ಯಾವ ಯಾವ ವಸ್ತುಗಳ ಮೇಲೆ ಮಾಡಬೇಕೆಂಬುದನ್ನು ಆಚಾರ್ಯನು ಅಲ್ಲಿ ವಿವರಿಸುತ್ತಾನೆ. ಸೀಳುವುದನ್ನು ಕಲಿಯಲು ಕುಂಬಳ, ಸೋರೆ, ಸೌತೆಗಳು. ಕೆರೆಯುವುದಕ್ಕೆ ರೋಮವುಳ್ಳ ಚರ್ಮ. ಸಿರೆಯನ್ನು ಚುಚ್ಚುವುದಕ್ಕೆ ಸತ್ತ ಪ್ರಾಣಿಗಳ ಸಿರೆ, ಕಮಲದ ನಾಳ. ಗಾಯದ ಆಳವನ್ನು ಸಲಾಕೆಯಿಂದ ಅರಿಯುವುದಕ್ಕೆ ಹುಳು ಕೊರೆದ ಮರ. ಒಳಗೆ ಸಿಕ್ಕಿದುದನ್ನು ಹೊರತೆಗೆಯಲು ಹಲಸಿನ ಹಣ್ಣು, ಬಿಲ್ವದ ಕಾಯಿಯ ತಿರುಳು. ಹೊಲಿಯುವುದಕ್ಕೆ ದಪ್ಪನೆಯ ಬಟ್ಟೆ ಅಥವಾ ಮೆತ್ತನೆಯ ತೊಗಲು. ಕಟ್ಟು ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಈಗಿನ ವೈದ್ಯಕಾಲೇಜುಗಳು ಬಹಳ ಹಣ ಕೊಟ್ಟು ತರಿಸುವ ರಬ್ಬರಿನ ತೋಳುಗಳೂ ಪ್ಲಾಸ್ಟಿಕ್ ದೇಹಗಳೂ ಇದೇ ಪರಂಪರೆಯವು. ಕೈಗೆ ಎಣ್ಣೆ ಹಚ್ಚಿಕೊಂಡು, ಹಲಸಿನ ತೊಳೆಯನ್ನು ಹರಿಯದಂತೆ ಬಿಡಿಸಿ, ಬೀಜವನ್ನು ಸಿಪ್ಪೆಸಹಿತ ಹೊರತೆಗೆಯಬಲ್ಲ ಮಲೆನಾಡಿನ ಹುಡುಗಿಗೆ ಈ ಅಧ್ಯಾಯದ ವಿಷಯವನ್ನು ತಿಳಿಸಿದರೆ, ತಾನು ಅರಿಯದೆಯೇ ಒಂದು ಪಾಠವನ್ನು ಮುಗಿಸಿರುವೆನೆಂದು ಅವಳಿಗೆ ಆಶ್ಚರ್ಯವಾದೀತು. ದಪ್ಪ ಬಟ್ಟೆಗೆ ಹೊಲಿಗೆ ಹಾಕಲು ಹುಡುಗರಿಗೂ ಕಲಿಸಬೇಕೆಂಬುದಕ್ಕೆ ಇದಕ್ಕಿಂತ ಪ್ರಾಚೀನವಾದ ಪ್ರಮಾಣ ನನಗೆ ದೊರೆತಿಲ್ಲ.

ಸ್ಟೆತಾಸ್ಕೋಪಿನ ಮಾತು ಬಂದಿತಾದ್ದರಿಂದ ಅದರ ಹುಟ್ಟನ್ನೂ ಹೇಳಿಬಿಡುವುದು ಮೇಲು. 1816ರಲ್ಲಿ ಪ್ಯಾರಿಸಿನ ರೆನೆ ಲೇನೆಕ್ ಎಂಬ ವೈದ್ಯನು ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳನ್ನು ಪರೀಕ್ಷಿಸಬೇಕಾದಾಗ, ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಆಕೆಯ ಎದೆಗೂ ಮತ್ತೊಂದನ್ನು ತನ್ನ ಕಿವಿಗೂ ಹಿಡಿದನು. ಬರಿಯ ಕಿವಿಗಿಂತ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು. ಮರದ ದಿಮ್ಮಿಯ ಒಂದು ಕೊನೆಯನ್ನು ಸೂಜಿಯಿಂದ ಕೆರೆದರೆ ಇನ್ನೊಂದು ಕೊನೆಗೆ ಕಿವಿಯಿಟ್ಟವನಿಗೆ ಕೇಳಿಸುವುದೆಂಬ ಸಂಗತಿ ತನಗೆ ನೆನಪಾಯಿತೆಂದು ಆತನೇ ಬರೆದಿದ್ದಾನೆ. ಮಕ್ಕಳು ಹಾಗೆ ಆಡುತ್ತಿದ್ದುದನ್ನು ಆತನು ಕಂಡಿದ್ದನೆಂಬ ಮಾತನ್ನು ಅನಂತರದವರು ಸೇರಿಸಿದರು. ಅದು ನಿಜವಿರಲಿ, ಇಲ್ಲದಿರಲಿ, ಪರೀಕ್ಷಿಸುವುದು ಸುಲಭ: ಮನೆಯ ಉದ್ದನೆಯ ಬೆಂಚಿಗೆ ಒಬ್ಬನು ಕಿವಿಯಿಡಲಿ, ಇನ್ನೊಬ್ಬನು ಆಚೆಯ ತುದಿಯಲ್ಲಿ ಉಗುರಾಡಿಸಲಿ. ಕಾಗದದ ಸುರುಳಿಯಿಂದ ತಂಗಿಯ ಎದೆಬಡಿತವನ್ನು ಕೇಳಿದ ಬಾಲಕನಿಗೆ, ಕೊರಳಲ್ಲಿ ನೇತಾಡುವ ಆಟಿಕೆಯ ಕೊಳವೆ ಅಲ್ಲಿಂದ ಮುಂದೆ ಅಷ್ಟು ಹಿಡಿಸಲಾರದು.

ನಾಲ್ಕಾರು ಮಕ್ಕಳನ್ನು ಕರೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದಕ್ಕಿಂತ ಒಳ್ಳೆಯ ಪಾಠ ಬೇರೆ ಕಾಣೆ. ದೊಡ್ಡ ಊರಿನ ಹೊಳೆಯುವ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಕಾಣುವುದು ಗಾಜು, ಲಿಫ್ಟು, ಬಿಲ್ಲು ಕಟ್ಟುವ ಸಾಲು. ಕೆಲಸವೆಲ್ಲ ಮುಚ್ಚಿದ ಬಾಗಿಲುಗಳ ಹಿಂದೆ. ಸಣ್ಣ ಕೇಂದ್ರದಲ್ಲಿಯಾದರೋ ಎಲ್ಲವೂ ಕೈಯಳತೆಯಲ್ಲಿರುತ್ತದೆ. ಮಲೆನಾಡಿನ ಅಂಥದೊಂದು ಕೇಂದ್ರದಲ್ಲಿ, ಲಸಿಕೆಯ ದಿನವಾದ ಗುರುವಾರದ ಗದ್ದಲವೆಲ್ಲ ಮುಗಿದ ಮೇಲೆ, ಸಿಸ್ಟರೊಬ್ಬರು ಎಂಟನೆಯ ತರಗತಿಯ ಹುಡುಗಿಗೆ ಪೋಲಿಯೋ ಹನಿಯ ಸಣ್ಣ ಸೀಸೆಯನ್ನು ತೋರಿಸಿದುದನ್ನು ನಾನು ನೋಡಿದೆನು.

“ಈ ದುಂಡು ಕಾಣ್ತದಲ್ಲ ಮಗಾ, ಅದರೊಳಗಿನ ಚೌಕ ನೋಡು. ಚೌಕ ದುಂಡಿಗಿಂತ ಬೆಳ್ಳಗಿರೋ ತನಕ ಈ ಲಸಿಕೆ ಹಾಕಬಹುದು. ಬಿಸಿ ತಾಗಿ ತಾಗಿ ಎರಡೂ ಒಂದೇ ಬಣ್ಣ ಆದ್ರೆ ಎತ್ತಿಡಬೇಕು.”

“ಕರೆಂಟು ಹೋದ್ರೆ ಏನ್ಮಾಡ್ತೀರಿ ಸಿಸ್ಟರ್?”

“ಪೆಟ್ಟಿಗೆ ಬಾಗಿಲು ತೆಗೆಯೋದಿಲ್ಲ. ಒಳಗೆ ಗೋಡೆಗೆಲ್ಲ ಮಂಜುಗಡ್ಡೆ ಕಟ್ಟಿರ್ತದೆ, ಬಹಳ ಹೊತ್ತು ತಡೀತದೆ. ಎರಡು ಡಿಗ್ರಿಗಿಂತ ಕಮ್ಮಿ ಆಗಬಾರದು, ಎಂಟಕ್ಕಿಂತ ಜಾಸ್ತಿ ಆಗಬಾರದು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ ಈ ಪುಸ್ತಕದಲ್ಲಿ ಬರೀಬೇಕು.”

“ಭಾನುವಾರಾನೂ?”

“ಭಾನುವಾರಾನೂ, ಹಬ್ಬದ ದಿನಾನೂ.”

ಹುಡುಗಿ ಆ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ದೀಪಾವಳಿಯ ದಿನಾಂಕವನ್ನು ಹುಡುಕಿದಳು. ಬೆಳಗಿನ ಅಂಕಿಯೂ ಸಂಜೆಯ ಅಂಕಿಯೂ ಇದ್ದುವು. 1796ರಲ್ಲಿ ಎಡ್ವರ್ಡ್ ಜೆನ್ನರನು ಎಂಟು ವರ್ಷದ ಬಾಲಕನ ತೋಳಿಗೆ ಗೋಸಿಡುಬಿನ ರಸವನ್ನು ಹಾಕಿದ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಆ ಮಹಾಶೋಧ ಮಗುವಿನ ಬಾಯಿಯವರೆಗೆ ಬರಬೇಕಾದರೆ ಹಬ್ಬದ ದಿನ ಯಾರೋ ಬಂದು ತಾಪಮಾಪಕವನ್ನು ನೋಡಿ ಹೋಗಬೇಕೆಂಬುದು ಯಾವ ಪಠ್ಯದಲ್ಲಿಯೂ ಇಲ್ಲ. ಆ ಪೆಟ್ಟಿಗೆ ಕೆಟ್ಟರೆ ಅದನ್ನು ಸರಿಪಡಿಸಲು ಜಿಲ್ಲೆಯಲ್ಲಿ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ಪಾಲಿಟೆಕ್ನಿಕ್ಕಿಗೋ ಐ.ಟಿ.ಐ.ಗೋ ಹೋಗಬೇಕೆಂದಿರುವ ಹುಡುಗನಿಗೆ ಅದನ್ನು ಹೇಳಿದರೆ, ಆರೋಗ್ಯಸೇವೆಯಲ್ಲಿ ತನಗೂ ಒಂದು ಜಾಗವುಂಟೆಂದು ಅವನು ಮೊದಲ ಸಲ ಕೇಳಿದಂತಾಗುವುದು.

ಪಕ್ಕದ ಲ್ಯಾಬಿನಲ್ಲಿ ಇನ್ನೊಂದು ವಿಸ್ಮಯ. ರಕ್ತವನ್ನು ತೆಗೆಯುವಾಗ ಬಣ್ಣಬಣ್ಣದ ಮುಚ್ಚಳಗಳ ನಳಿಕೆಗಳೇಕೆ ಎಂದು ದೊಡ್ಡವರೂ ಕೇಳುವುದಿಲ್ಲ. ನೇರಳೆಯ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಲವಣವಿದೆ. ಕಣಗಳನ್ನು ಎಣಿಸುವುದಕ್ಕೆ ಅದು ಬೇಕು. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಬೇಕು. ಬಸಿದ ತಿಳಿಯಲ್ಲಿ ಬೇರೆ ಪರೀಕ್ಷೆಗಳು. ಬೂದುಬಣ್ಣದ್ದು ಸಕ್ಕರೆಯ ಪರೀಕ್ಷೆಗೆ. ಏಕೆಂದರೆ ರಕ್ತಕಣಗಳು ದೇಹದಿಂದ ಹೊರಬಂದ ಮೇಲೆಯೂ ಬದುಕಿದ್ದು, ನಳಿಕೆಯೊಳಗಿನ ಸಕ್ಕರೆಯನ್ನು ತಿನ್ನುತ್ತಲೇ ಇರುವುವು. ಅವುಗಳ ಊಟವನ್ನು ತಡೆಯಲು ಅದರಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ತಡೆಯದಿದ್ದರೆ ಮಧುಮೇಹವಿರುವವನ ಸಕ್ಕರೆ, ಪರೀಕ್ಷೆ ತಡವಾದಷ್ಟೂ ಕಡಮೆಯೆಂದು ತೋರಿ, ವೈದ್ಯನನ್ನೇ ದಾರಿ ತಪ್ಪಿಸೀತು. ಲ್ಯಾಬ್ ಟೆಕ್ನಿಷಿಯನ್ನನ ಕೆಲಸ ಯಾಂತ್ರಿಕವಾದುದೆಂದು ಹೇಳುವವರು ಈ ಬೂದುಬಣ್ಣದ ಮುಚ್ಚಳವನ್ನು ಒಮ್ಮೆ ಧ್ಯಾನಿಸತಕ್ಕುದು.

ಶಿವಮೊಗ್ಗದಿಂದ ದಕ್ಷಿಣಕ್ಕೆ ಬಂದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕನ್ನಡನಾಡಿನ ಹೆಮ್ಮೆಯ ಸಂಸ್ಥೆಗಳಲ್ಲಿ ಒಂದಾದ ಇದರ ವಿಷಯ ನಮ್ಮ ಪ್ರೌಢಶಾಲೆಗಳ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ತೊದಲುವ ಮಗುವಿನ ಮಾತನ್ನು ತಿದ್ದುವುದು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯನಿಗೆ ಮನೆಯವರ ಹೆಸರುಗಳನ್ನು ಮತ್ತೆ ಕಲಿಸುವುದು, ಹುಟ್ಟಿದ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ಪರೀಕ್ಷಿಸುವುದು ಇವೆಲ್ಲ ಅಲ್ಲಿ ಕಲಿಸುವ ವಿದ್ಯೆಗಳು. ಈ ಕೊನೆಯದು ಕೇಳುವುದಕ್ಕೇ ಸೋಜಿಗ. ನಿದ್ರಿಸುತ್ತಿರುವ ಕೂಸಿನ ಕಿವಿಯೊಳಗೆ ಸಣ್ಣ ಸದ್ದೊಂದನ್ನು ಕಳುಹಿಸಿದರೆ, ಆರೋಗ್ಯವಂತವಾದ ಒಳಕಿವಿ ತಾನೇ ಅತಿಸೂಕ್ಷ್ಮವಾದ ಒಂದು ಮರುದನಿಯನ್ನು ಹೊರಡಿಸುವುದು; ಅದೇ ಕೊಳವೆಯಲ್ಲಿರುವ ಮೈಕು ಅದನ್ನು ಹಿಡಿದುಕೊಳ್ಳುವುದು. ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ 1978ರಲ್ಲಿ ಪ್ರಕಟಿಸಿದ ಈ ಸಂಗತಿಯಿಂದ, ಮಾತು ಬಾರದ ಮಗುವಿನ ಶ್ರವಣಶಕ್ತಿಯನ್ನು ಕೆಲವು ನಿಮಿಷಗಳಲ್ಲಿ ಪರೀಕ್ಷಿಸಿ ನೋಡುವುದು ಸಾಧ್ಯವಾಯಿತು. ಭೌತವಿಜ್ಞಾನದಲ್ಲಿ ಒಲವಿರುವ, ಆದರೆ ರಕ್ತವನ್ನು ಕಂಡರೆ ತಲೆ ಸುತ್ತುವ ಬಾಲಕನಿಗೂ ಮನುಷ್ಯರ ಮಧ್ಯೆ ಉಳಿಯುವ ವೃತ್ತಿಯೊಂದು ಇಲ್ಲಿ ಕಾದಿದೆ.

ನರ್ಸುಗಳ ವಿಷಯದಲ್ಲಿ ನಮ್ಮ ಸಮಾಜದ ನಡೆ ವಿಚಿತ್ರವಾದುದು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವಾಗ “ಸಿಸ್ಟರ್, ಸಿಸ್ಟರ್” ಎಂದು ದೈನ್ಯದಿಂದ ಕರೆಯುವವರೇ, ಮನೆಗೆ ಮರಳಿದ ಮೇಲೆ ತಮ್ಮ ಮಗಳು ಆ ಕೆಲಸಕ್ಕೆ ಹೋಗುವೆನೆಂದರೆ ಹಿಂದೆಗೆಯುವರು. ಮಗ ಹೋಗುವೆನೆಂದರೆ ನಕ್ಕೇಬಿಡುವರು. ವಾರ್ಡುಗಳಲ್ಲಿ “ಬ್ರದರ್” ಎಂದು ಕರೆಸಿಕೊಳ್ಳುವ ಪುರುಷ ನರ್ಸುಗಳು ಈಗ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದ್ದಾರೆ. ಸರ್ಕಾರದ ಕಡತಗಳಲ್ಲಿ ಸ್ಟಾಫ್ ನರ್ಸು ಈಗ ಶುಶ್ರೂಷಾಧಿಕಾರಿಯಾಗಿದ್ದಾಳೆ. ಕಡತದಲ್ಲಿ ಬಂದ ಗೌರವ ಮದುವೆಯ ಮಾತುಕತೆಗಳವರೆಗೆ ಬರಲು ಇನ್ನೂ ಕಾಲ ಬೇಕು. ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ಮಕ್ಕಳಿಗೆ ದೀಪ ಹಿಡಿದ ಕರುಣಾಮಯಿಯೆಂದಷ್ಟೇ ತೋರಿಸಿ ಆಕೆಗೆ ಅನ್ಯಾಯ ಮಾಡಿದ್ದೇವೆ. 1854ರಲ್ಲಿ ಕ್ರಿಮಿಯದ ಯುದ್ಧಕ್ಕೆ ಹೋದ ಆಕೆ ಹಿಂದಿರುಗಿದ ಮೇಲೆ ಮಾಡಿದ ಬಲುದೊಡ್ಡ ಕೆಲಸವೆಂದರೆ ಲೆಕ್ಕ: ಗಾಯಗಳಿಂದ ಸತ್ತವರಿಗಿಂತ, ಹೊಲಸು ನೀರು ಗಾಳಿಗಳಿಂದ ಬಂದ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತ ಸೈನಿಕರು ಎಷ್ಟೋ ಪಾಲು ಹೆಚ್ಚೆಂಬುದನ್ನು ತಿಂಗಳು ತಿಂಗಳಾಗಿ ಬಣ್ಣದ ಚಕ್ರಾಕಾರದ ಚಿತ್ರಗಳಲ್ಲಿ ಬಿಡಿಸಿ, ಅಂಕಿಗಳನ್ನು ಓದಲು ಬೇಸರಪಡುವ ಮಂತ್ರಿಗಳ ಕಣ್ಣಿಗೆ ಹಿಡಿದಳು. ನರ್ಸುಗಳಿಗಾಗಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಶಾಲೆ ತೆರೆದುದು 1860ರಲ್ಲಿ. ಗಣಿತದಲ್ಲಿ ಚುರುಕಾದ ಹುಡುಗಿಗೆ ದೀಪದ ಚಿತ್ರಕ್ಕಿಂತ ಆ ಚಕ್ರದ ಚಿತ್ರವನ್ನೇ ಮೊದಲು ತೋರಿಸಬೇಕು. ಮಂಗನ ಕಾಯಿಲೆಯಂಥ, ಔಷಧಿಯಿಲ್ಲದ ರೋಗಗಳಲ್ಲಿ ರೋಗಿ ಉಳಿಯುವುದು ಬಹುಮಟ್ಟಿಗೆ ಶುಶ್ರೂಷೆಯ ಬಲದಿಂದ ಎಂಬುದನ್ನೂ ಹೇಳಬೇಕು.

ಯಾವ ವ್ಯಾಸಂಗಕ್ಕೆ ಎಷ್ಟು ವರ್ಷವೆಂಬ ವಿವರಗಳು ಹತ್ತನೆಯ ತರಗತಿಯ ಹೊತ್ತಿಗೆ ಸಾಕು. ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಷಿಪ್ಪು, ಬಿ.ಎಸ್‌ಸಿ. ನರ್ಸಿಂಗಿಗೂ ಬಿ.ಫಾರ್ಮಾಕ್ಕೂ ನಾಲ್ಕು ವರ್ಷ, ಜಿ.ಎನ್.ಎಂ.ಗೆ ಮೂರು; ಡಿ.ಫಾರ್ಮಾಕ್ಕೆ ಎರಡು. ಫಿಸಿಯೋಥೆರಪಿ, ಎಕ್ಸ್‌ರೇ, ಡಯಾಲಿಸಿಸ್, ಕಣ್ಣಿನ ಪರೀಕ್ಷೆ, ಶಸ್ತ್ರಚಿಕಿತ್ಸಾಕೊಠಡಿಯ ತಂತ್ರಜ್ಞಾನ ಮೊದಲಾದವಕ್ಕೆ ಅವುಗಳದೇ ಪದವಿಗಳಿವೆ. ಬಹುಕಾಲ ಹೇಳುವವರು ಕೇಳುವವರಿಲ್ಲದೆ ಬೆಳೆದ ಇಂಥ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ಒಂದು ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿತು. ಕರ್ನಾಟಕದಲ್ಲಿ ಇವುಗಳ ಬಹುಪಾಲು ಕಾಲೇಜುಗಳು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಕಾಲೇಜಿಗೆ ಮಾನ್ಯತೆಯುಂಟೇ, ಅದಕ್ಕೆ ತನ್ನದೇ ಆಸ್ಪತ್ರೆಯುಂಟೇ, ಆ ಆಸ್ಪತ್ರೆಯಲ್ಲಿ ರೋಗಿಗಳುಂಟೇ ಎಂಬ ಮೂರನ್ನು ಹಣ ಕಟ್ಟುವ ಮೊದಲು ಕಣ್ಣಾರೆ ನೋಡಿಬರುವುದು ಲೇಸು. ಬಣ್ಣದ ಪುಸ್ತಿಕೆಯಲ್ಲಿ ಎಲ್ಲವೂ ಇರುತ್ತದೆ.

ಕಷ್ಟದ ಮಾತುಗಳನ್ನು ಮಕ್ಕಳಿಂದ ಮರೆಸುವುದು ನನಗೆ ಸರಿಗಾಣದು. ರಾತ್ರಿಪಾಳಿ, ಹಬ್ಬದ ದಿನದ ಡ್ಯೂಟಿ, ಮೂವತ್ತು ದಾಟುವವರೆಗೆ ಮುಗಿಯದ ಓದು, ಸತ್ತವರ ಬಂಧುಗಳ ಕೋಪ, ಗೌರವಧನಕ್ಕಾಗಿ ಬೀದಿಯಲ್ಲಿ ಕೂರಬೇಕಾಗುವ ಆಶಾ ಕಾರ್ಯಕರ್ತೆಯರ ಪಾಡು ಇವೆಲ್ಲವನ್ನೂ ಅವರ ವಯಸ್ಸಿಗೆ ತಕ್ಕಂತೆ ತಿಳಿಸಬೇಕು. ಸಾವಿನ ವಿಷಯವನ್ನೂ. ಅಜ್ಜನ ಸಾವನ್ನು ಕಂಡಿರುವ ಮಗುವಿಗೆ ವೈದ್ಯರೂ ಸೋಲುವರೆಂಬುದು ಗೊತ್ತಿದೆ. ಸೋತ ಮರುದಿನವೂ ಅವರು ಕೆಲಸಕ್ಕೆ ಬರುವರೆಂಬುದು ಮಾತ್ರ ಗೊತ್ತಿರುವುದಿಲ್ಲ. ಈ ಲೋಕದ ಒಳಮಾತುಗಳನ್ನು ಕನ್ನಡದಲ್ಲಿ ಬರೆದ ವೈದ್ಯರೂ ನಮ್ಮಲ್ಲಿದ್ದರು. ರಾಶಿಯವರೆಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ಯನ್ನು ಹುಟ್ಟುಹಾಕಿ ನಾಡನ್ನು ನಗಿಸಿದವರು, ಮನಸ್ಸಿನ ವ್ಯಾಪಾರಗಳನ್ನು ಕುರಿತ ‘ಮನಮಂಥನ’ಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರು. ವೈದ್ಯೆಯಾದ ಅನುಪಮಾ ನಿರಂಜನರು ‘ತಾಯಿ ಮಗು’ವನ್ನು ಬರೆದ ಕೈಯಿಂದಲೇ ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಶಾಲೆಯ ಗ್ರಂಥಾಲಯದಲ್ಲಿ ಬೀಗ ಹಾಕಿದ ಬೀರುವಿನೊಳಗೆ ಇವು ಇರುವ ಸಂಭವವುಂಟು. ಬೀಗದ ಕೈ ಯಾರಲ್ಲಿದೆಯೆಂದು ವಿಚಾರಿಸಬೇಕು.

ಎಲ್ಲವನ್ನೂ ನೋಡಿದ ಮೇಲೆ “ನಂಗಿದು ಬೇಡ” ಎನ್ನುವ ಮಗುವೂ ಇರುವುದು. ಅದು ಹದಿಮೂರರಲ್ಲಿ ತಿಳಿದರೆ, ಎರಡನೆಯ ವರ್ಷದ ಹಾಸ್ಟೆಲಿನಲ್ಲಿ ತಿಳಿಯುವುದಕ್ಕಿಂತ ಎಲ್ಲರಿಗೂ ಕಡಮೆ ಖರ್ಚು. ಇನ್ನು ಉಳಿದುದು ಏರ್ಪಾಟಿನ ಮಾತು. ಮುಖ್ಯೋಪಾಧ್ಯಾಯರು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ ಬರೆದು ಅನುಮತಿ ಪಡೆಯಲಿ. ಹೊರರೋಗಿಗಳ ಸಾಲು ಕರಗುವ ಮಧ್ಯಾಹ್ನದ ಹೊತ್ತು ಒಳ್ಳೆಯದು. ಒಂದು ಸಲಕ್ಕೆ ಎಂಟು ಹತ್ತು ಮಕ್ಕಳು ಸಾಕು. ಇಡೀ ತರಗತಿಯನ್ನು ಕರೆದೊಯ್ದರೆ ಅದು ಪ್ರವಾಸವಾಗುತ್ತದೆ. ಮೊಬೈಲುಗಳನ್ನು ಶಾಲೆಯಲ್ಲಿಯೇ ಬಿಡಿಸಬೇಕು. ರೋಗಿಯ ಮುಖವನ್ನಾಗಲಿ ಹೆಸರನ್ನಾಗಲಿ ಹೊರಗೆ ಒಯ್ಯಕೂಡದೆಂಬುದು ಈ ವೃತ್ತಿಯ ಮೊದಲ ನಿಯಮ, ಮತ್ತು ಮಕ್ಕಳು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುವರು. ಕೆಮ್ಮು ನೆಗಡಿ ಇರುವವರು ಮುಂದಿನ ತಂಡದಲ್ಲಿ ಬರಲಿ. ಹೋಗುವ ಮುನ್ನ ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡಿರಬೇಕು. ಅದನ್ನು ಡಾಕ್ಟರಲ್ಲದೆ ಬೇರೆ ಯಾರನ್ನಾದರೂ ಕೇಳಬೇಕೆಂಬುದಷ್ಟೇ ಕರಾರು.